ಎರಡನೇ ಕುರ್ಚಿಯಲ್ಲಿ ಆರು ವಾರ

ಅವಳ ಹೊಟ್ಟೆಯ ಮೇಲೆ ಯಾರದೋ ಕೈ ಇತ್ತು.

ಭಾರವಾದ, ಬೆಚ್ಚಗಿನ, ಅಲ್ಲಾಡದ ಕೈ. ಅರಿವಳಿಕೆಯ ಮಂಪರು ಪೂರ್ತಿ ಇಳಿದಿರಲಿಲ್ಲ, ಕಣ್ಣು ಬಿಡಲು ಆಗುತ್ತಿರಲಿಲ್ಲ. ಆದರೂ ಮೈಯೆಲ್ಲ ಉರಿದುಹೋಯಿತು. ಎಡಗೈಯಿಂದ ಅದನ್ನು ಹಿಡಿದು ತಳ್ಳಿದಳು.

"ಯಾರ್ರೀ ಅದು... ಕೈ ತೆಗೀರಿ."

"ಅದು ನಿನ್ನದೇ ಕೈ," ಎಂದಿತು ಪಕ್ಕದಿಂದ ಒಂದು ದನಿ. "ಮರಗಟ್ಟೋ ಇಂಜೆಕ್ಷನ್ ಕೊಟ್ಟಿದಾರೆ. ತಳ್ಳಬೇಡ, ಹೊಲಿಗೆ ಇದೆ."

ಕೈ ಯಾರದೆಂದು ತಿಳಿಯದಿದ್ದರೂ ದನಿ ಯಾರದೆಂದು ತಕ್ಷಣ ತಿಳಿಯಿತು. ಎರಡು ವರ್ಷದಿಂದ ಕೇಳದ ದನಿ.

ಕಷ್ಟಪಟ್ಟು ಕಣ್ಣು ತೆರೆದಳು. ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಅವಳ ಗಂಡ ಕೂತಿದ್ದ. ಅಂಗಿಯ ಕಾಲರಿನ ಮೇಲೆ ಯಾರದೋ ಕತ್ತರಿಸಿದ ಕೂದಲಿನ ಚೂರುಗಳು ಹಾಗೇ ಇದ್ದವು. ಕೆಲಸದ ಮಧ್ಯೆ ಎದ್ದು ಓಡಿಬಂದಿದ್ದಾನೆ.

"ನಿಮ್ಮನ್ನ ಯಾರು ಕರೆದ್ರು?"

"ಆಸ್ಪತ್ರೆಯವರು. ಫಾರಂನಲ್ಲಿ ನನ್ನ ನಂಬರ್ ಬರೆದಿದ್ದೆಯಂತೆ."

ಬರೆದಿದ್ದಳು, ನಿಜ. ಹತ್ತಿರದ ಸಂಬಂಧಿಕರ ಫೋನ್ ನಂಬರ್ ಕೇಳಿದಾಗ ಬಾಯಿಪಾಠ ಬರುತ್ತಿದ್ದ ನಂಬರ್ ಅದೊಂದೇ. ಮುನಿಸಿಕೊಂಡು ಗಂಡನನ್ನು ಮನೆಯಿಂದ ಕಳಿಸಬಹುದು, ಅವನ ಫೋನ್ ನಂಬರನ್ನು ತಲೆಯಿಂದ ಕಳಿಸುವುದು ಅಷ್ಟು ಸುಲಭವೇ ಹೇಳಿ? ಅಷ್ಟಕ್ಕೂ ಜೊತೆಗಿರಲು ಅತ್ತೆ, ಅಂದರೆ ಅಪ್ಪನ ತಂಗಿ, ಬರುತ್ತೇನೆಂದು ಒಪ್ಪಿದ್ದರು. ಬೆಳಿಗ್ಗೆ ಅವರ ಮೊಣಕಾಲು ಊದಿಕೊಂಡು ಬಸ್ಸು ಹತ್ತಲಾಗಲಿಲ್ಲ. ನರ್ಸ್ ಆ ನಂಬರಿಗೆ ಫೋನ್ ಮಾಡಿಬಿಟ್ಟಿದ್ದಳು.

'ಹೋಗಿ ಅಂದುಬಿಡಲಾ?' ಎಂದುಕೊಂಡಳು. ಅಷ್ಟರಲ್ಲಿ ಡಾಕ್ಟರ್ ಒಳಗೆ ಬಂದರು.

ಡಾಕ್ಟರ್ ಅಳೆದು ಸುರಿದು ಮಾತಾಡುವವರಲ್ಲ. ಬಲಭುಜದ ಮೂಳೆಯಿಂದ ಹರಿದು ಬಂದಿದ್ದ ಸ್ನಾಯುವನ್ನು ಎಳೆದು ಮತ್ತೆ ಮೂಳೆಗೆ ಹೊಲಿದಿದ್ದೇವೆ, ಅದು ಅಂಟಿಕೊಳ್ಳಲು ಆರು ವಾರ ಬೇಕು, ಅಲ್ಲಿಯವರೆಗೆ ಕೈ ಈ ದಿಂಬಿನ ಬೆಲ್ಟಿನೊಳಗೇ ಇರಬೇಕು ಎಂದರು. ಹಾಗಂತ ಬಿಟ್ಟರೆ ಭುಜ ಬಿಗಿದು ಕಲ್ಲಾಗುತ್ತದೆ. ಅದಕ್ಕೆ ದಿನಕ್ಕೆ ಮೂರು ಸಲ ಬೇರೆಯವರು ಆ ಕೈಯನ್ನು ಮೆಲ್ಲಗೆ ಎತ್ತಿ ಇಳಿಸಬೇಕು.

"ನೀವು ಎತ್ತಬಾರದು. ಒಂದೇ ಒಂದು ಸಲ ನಿಮ್ಮಷ್ಟಕ್ಕೆ ನೀವು ಎತ್ತಿದ್ರೂ ಹೊಲಿಗೆ ಕಿತ್ತು ಬರಬಹುದು. ಆಮೇಲೆ ಆ ಕೈ ಭುಜದಿಂದ ಮೇಲೆ ಹೋಗಲ್ಲ," ಎಂದರು. "ಮನೇಲಿ ಯಾರಿದಾರೆ?"

ಅವಳ ಕೆಲಸ ಕೂದಲು ಕತ್ತರಿಸುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಕೈ ಭುಜದ ಮಟ್ಟಕ್ಕೆ ಎತ್ತೇ ಇರಬೇಕು. ಆ ಕೈ ಮೇಲೆ ಹೋಗದಿದ್ದರೆ ಅಪ್ಪ ಬಿಟ್ಟುಹೋದ ಸಲೂನೂ ಇಲ್ಲ, ಅವಳೂ ಇಲ್ಲ.

ಅವಳು ಉತ್ತರ ಹುಡುಕುತ್ತಿರುವಾಗಲೇ ಗಂಡ ಎದ್ದು ನಿಂತು, "ನಾನಿದೀನಿ," ಎಂದ.

ಬೇಡ ಎನ್ನಲು ಅವಳ ಬಳಿ ಬೇರೆ ಹೆಸರಿರಲಿಲ್ಲ.

*

ಸಲೂನಿನಲ್ಲಿ ಎರಡು ಕುರ್ಚಿ, ಎರಡರ ಎದುರಿಗೂ ಉದ್ದಕ್ಕೆ ಒಂದೇ ಕನ್ನಡಿ. ಹಿಂದಿನ ಬಾಗಿಲು ದಾಟಿದರೆ ಮನೆ: ಒಂದು ಅಡುಗೆಮನೆ, ಒಂದು ಮಲಗುವ ಕೋಣೆ. ಮೊದಲನೇ ಕುರ್ಚಿ ಅಪ್ಪನದು, ಅವರಿಗೆ ಕೈ ನಡುಗಲು ಶುರುವಾದಾಗ ಅದು ಅವಳದಾಯಿತು. ಎರಡನೆಯದು ಗಂಡನದು. ಅವನು ಕೆಲಸ ಕೇಳಿಕೊಂಡು ಬಂದವನು, ಅಪ್ಪನಿಗೆ ಮೊದಲು ಅವನ ಕತ್ತರಿಯ ಸದ್ದು ಇಷ್ಟವಾಯಿತು, ಆಮೇಲೆ ಅವನು. ಅವಳಿಗಾದರೋ ಎಲ್ಲ ಒಟ್ಟಿಗೇ ಇಷ್ಟವಾಗಿತ್ತು.

ಅಕ್ಕಪಕ್ಕ ನಿಂತು ಕೆಲಸ ಮಾಡುತ್ತ ಅವರು ಮಾತಾಡುತ್ತಿದ್ದುದೆಲ್ಲ ಕನ್ನಡಿಯಲ್ಲೇ. ಅವಳು ಹುಬ್ಬೇರಿಸಿದರೆ ಟವೆಲ್ ಬರುತ್ತಿತ್ತು. ಗಿರಾಕಿಯ ನೆತ್ತಿಯ ಮೇಲಿಂದ ಅವನು ಕಣ್ಣು ಮಿಟುಕಿಸಿದರೆ ಅವಳು ನಗು ತಡೆಯಲಾರದೆ ಕೆಮ್ಮುತ್ತಿದ್ದಳು. ಅಪ್ಪ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಪೇಪರಿನ ಮರೆಯಿಂದ ಎಲ್ಲ ನೋಡಿಯೂ ನೋಡದಂತಿರುತ್ತಿದ್ದರು.

ಅಪ್ಪನಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಕೈ ಹಾಕಿದ ತಲೆಯನ್ನು ಅರ್ಧಕ್ಕೆ ಬಿಟ್ಟು ಏಳುವಂತಿಲ್ಲ. ಫೋನ್ ಬರಲಿ, ನೆಂಟರು ಬರಲಿ, ಒಲೆಯ ಮೇಲೆ ಹಾಲು ಉಕ್ಕಲಿ. ಅರ್ಧ ತಲೆ ಹೊತ್ತುಕೊಂಡು ಮನುಷ್ಯ ರಸ್ತೆಗೆ ಇಳಿಯಲಾಗದು, ನಮ್ಮನ್ನು ನಂಬಿ ಕತ್ತು ಬಗ್ಗಿಸಿದ್ದಾನೆ ಎನ್ನುತ್ತಿದ್ದರು.

ಅವರು ಹೋದ ದಿನ ಅವಳು ಒಬ್ಬ ಹೆಂಗಸಿನ ಕೂದಲಿಗೆ ಬಣ್ಣ ಹಚ್ಚುತ್ತಿದ್ದಳು. ಅಪ್ಪ ಎದೆನೋವೆಂದು ಆಸ್ಪತ್ರೆ ಸೇರಿ ಎರಡು ದಿನವಾಗಿತ್ತು, ಹುಷಾರಾಗುತ್ತಿದ್ದಾರೆ ಎಂದು ಆಸ್ಪತ್ರೆಯವರು ಹೇಳಿದ್ದರು. ಅತ್ತೆ ಅಲ್ಲಿದ್ದರು. ಮಧ್ಯಾಹ್ನ ಗಂಡನ ಫೋನ್ ಬಡಿದುಕೊಂಡಿತು. ಅವನು ಮಾತಾಡಿ ಫೋನ್ ಕೆಳಗಿಟ್ಟ, ಏನೂ ಹೇಳಲಿಲ್ಲ. ನಲವತ್ತು ನಿಮಿಷದ ನಂತರ ಆ ಹೆಂಗಸು ತಲೆ ಒಣಗಿಸಿಕೊಂಡು ಹೊರಟ ಮೇಲೆ, "ಅಪ್ಪಂಗೆ ಜೋರಾಗಿದೆಯಂತೆ, ಬೇಗ ಬಾ," ಎಂದ.

ಅವಳು ತಲುಪುವಷ್ಟರಲ್ಲಿ ಮುಖಕ್ಕೆ ಬಟ್ಟೆ ಮುಚ್ಚಿದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ಅವಳು ಗಂಡನಿಗೆ ಅಂದದ್ದು ಒಂದೇ ಮಾತು. "ನಮ್ಮಪ್ಪನ ಕೊನೇ ನಲವತ್ತು ನಿಮಿಷ ನೀವು ನುಂಗಿದ್ರಿ. ನಿಮ್ಮ ಮುಖ ನೋಡೋಕೆ ನನ್ನ ಕೈಲಾಗಲ್ಲ." ಅವನು ತನ್ನ ಕತ್ತರಿ, ಬಾಚಣಿಗೆಗಳನ್ನು ಸುತ್ತಿಕೊಂಡು ಊರಿನ ಇನ್ನೊಂದು ಕೊನೆಯ ಸಲೂನಿಗೆ ಸೇರಿಕೊಂಡ.

ಎರಡು ವರ್ಷ ಇಬ್ಬರ ಕೆಲಸ ಒಬ್ಬಳೇ ಮಾಡಿದಳು. ಅವನು ಎತ್ತುತ್ತಿದ್ದ ತುಕ್ಕು ಹಿಡಿದ ಶಟರನ್ನೂ ತಾನೇ ಎತ್ತಿದಳು. ಒಂದು ಬೆಳಿಗ್ಗೆ ಶಟರ್ ಅರ್ಧಕ್ಕೆ ಸಿಕ್ಕಿಕೊಂಡಿತು, ಹಟ ಹಿಡಿದು ಜಗ್ಗಿದಳು. ಭುಜದೊಳಗೆ ಬಟ್ಟೆ ಹರಿದಂಥ ಸದ್ದಾಯಿತು.

*

ಮಲಗಿ ನಿದ್ದೆ ಮಾಡುವಂತಿರಲಿಲ್ಲ, ಅರ್ಧ ಒರಗಿಯೇ ಇರಬೇಕೆಂದು ಡಾಕ್ಟರ್ ಹೇಳಿದ್ದರು. ಮನೆಯಲ್ಲಿ ಹಾಗೆ ಒರಗುವಂಥದ್ದು ಒಂದೇ ಒಂದಿತ್ತು, ಎರಡನೇ ಕುರ್ಚಿ. ಹಿಡಿ ಎಳೆದರೆ ಅದರ ಬೆನ್ನು ಹಿಂದಕ್ಕೆ ಬಾಗುತ್ತಿತ್ತು. ಹೀಗೆ ಗಂಡನನ್ನು ಮನೆಯಿಂದ ಕಳಿಸಿದವಳು ಅವನ ಕುರ್ಚಿಯಲ್ಲೇ ಮಲಗಬೇಕಾಯಿತು. ಅವನು ಬೆಂಚಿನ ಮೇಲೆ.

ಬೆಳಿಗ್ಗೆ ಅವನು ಅವಳಿಗೆ ಹಲ್ಲುಜ್ಜುವ ಬ್ರಶ್ಶಿಗೆ ಪೇಸ್ಟ್ ಹಚ್ಚಿ ಕೊಡುತ್ತಿದ್ದ. ಅನ್ನ ಕಲಸಿ ಚಮಚ ಇಡುತ್ತಿದ್ದ. ಬೆಲ್ಟ್ ಬಿಚ್ಚಿ, ಕಂಕುಳಲ್ಲಿ ಪೌಡರ್ ಹಾಕಿ, ಮತ್ತೆ ಕಟ್ಟುತ್ತಿದ್ದ. ಎಲ್ಲವೂ ಮುಖ ಬೇರೆ ಕಡೆ ತಿರುಗಿಸಿಕೊಂಡೇ. ಮೊದಲ ವಾರ ಇಬ್ಬರ ನಡುವೆ ನಡೆದ ಮಾತು, "ನೋವಿದೆಯಾ?" "ಹೂಂ." ಅಷ್ಟೇ.

ಎರಡನೇ ವಾರ ಫಿಸಿಯೋಥೆರಪಿಯ ಹುಡುಗಿ ಮನೆಗೆ ಬಂದಳು. ಪುಟ್ಟ ಆಳು, ಸೈನ್ಯದ ಗತ್ತು. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಅವಳಿಗೆ ಮನಸ್ಸಿನಲ್ಲಿ ಕಸರತ್ತು ಮೇಡಂ ಎಂದು ಹೆಸರಿಟ್ಟುಬಿಟ್ಟಿದ್ದರು. ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ, ಗಂಡನ ಒಂದು ಕೈ ಮೊಣಕೈಯ ಕೆಳಗೆ, ಇನ್ನೊಂದು ಮಣಿಕಟ್ಟಿನ ಕೆಳಗೆ ಇಡಿಸಿ ಎತ್ತುವುದು ತೋರಿಸಿಕೊಟ್ಟಳು.

ಕಸರತ್ತು ಮೇಡಂ ಎತ್ತಿದಾಗ ಕೈ ಸಲೀಸಾಗಿ ಮೇಲೆ ಬಂತು. ಗಂಡ ಎತ್ತಿದಾಗ ಅರ್ಧ ದಾರಿಯಲ್ಲೇ ಮರದ ತುಂಡಿನಂತೆ ನಿಂತುಬಿಟ್ಟಿತು.

"ಕೈ ಬಿಟ್ಟುಬಿಡಿ ಅಕ್ಕ. ನೀವೇ ಹಿಡ್ಕೊಂಡಿದೀರ."

"ಬಿಟ್ಟಿದೀನಲ್ಲ."

"ಬಿಟ್ಟಿಲ್ಲ. ಇವರ ಕೈಲಿ ನಿಮ್ಮ ಕೈಗೆ ಭಾರಾನೇ ಇಲ್ಲ ನೋಡಿ. ನಂಬಿಕೆ ಇದ್ರೆ ಭಾರ ಬೀಳುತ್ತೆ."

ಆ ಹುಡುಗಿ ಭುಜದ ವಿಷಯ ಮಾತಾಡುತ್ತಿದ್ದಳು, ಪಾಪ. ಗಂಡ ಮಾತ್ರ ತಲೆ ತಗ್ಗಿಸಿದ. ಅವಳು ಛಾವಣಿಯ ಫ್ಯಾನಿನ ರೆಕ್ಕೆ ನೋಡುತ್ತ ಮಲಗಿದಳು. ದಿನಕ್ಕೆ ಮೂರು ಸಲ ಅವನು ಎತ್ತಿದ, ಮೂರು ಸಲವೂ ಕೈ ಅಲ್ಲೇ ಬಿಗಿಯಿತು. ಬೇಕೆಂದು ಮಾಡುತ್ತಿರಲಿಲ್ಲ ಅವಳು. ಅವನ ಬೆರಳು ತಾಗಿದ ಕೂಡಲೇ ಮೈ ತಾನಾಗಿ ಗಟ್ಟಿಯಾಗುತ್ತಿತ್ತು. 'ಇವರಿಗೆ ಯಾಕೆ ಭಾರ ಬಿಡಲಿ? ಒಂದು ಸಲ ಬಿಟ್ಟು ನೋಡಿದ್ದಾಯ್ತಲ್ಲ...'

ಮೂರನೇ ವಾರದ ಕೊನೆಗೆ ಡಾಕ್ಟರ್ ಮುಖ ಗಂಟು ಹಾಕಿದರು. ಹೊಲಿಗೆ ಗಟ್ಟಿಯಾಗಿದೆ, ಆದರೆ ಭುಜ ಬಿಗಿಯುತ್ತಿದೆ, ಹೀಗೇ ಆದರೆ ಆರು ವಾರದ ಹೊತ್ತಿಗೆ ಕತ್ತರಿ ಹಿಡಿಯುವ ಆಸೆ ಬಿಡಬೇಕಾಗುತ್ತದೆ ಎಂದರು. ವಾಪಸ್ ಬರುವಾಗ ಆಟೋದಲ್ಲಿ ಅವಳು ಅತ್ತಳು. ಅವನು ಬಲಗಡೆ ಕೂತು, ಪ್ರತಿ ಗುಂಡಿಗೂ ಮೊದಲೇ ಅವಳ ಮೊಣಕೈಗೆ ಅಂಗೈ ಕೊಟ್ಟು ಹಿಡಿದಿದ್ದ.

ಆ ಸಂಜೆ ಅವನು ಅವಳ ತಲೆ ತೊಳೆದ. ಮೂರು ವಾರದಿಂದ ಬಾಚದೆ ಜಡೆಗಟ್ಟಿತ್ತು. ಊರವರ ತಲೆಯನ್ನೆಲ್ಲ ತೊಳೆದ ಬೇಸಿನ್ನಿಗೆ ಅವಳು ಎರಡು ವರ್ಷದಲ್ಲಿ ಮೊದಲ ಸಲ ತನ್ನ ತಲೆ ಒಡ್ಡಿದಳು. ಅವನು ನೀರಿನ ಬಿಸಿಯನ್ನು ತನ್ನ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ನೋಡಿ, ಕಿವಿಗೆ ಅಂಗೈ ಅಡ್ಡ ಹಿಡಿದು, ಗಂಟು ಗಂಟಾಗಿ ಬಿಡಿಸಿದ. ಒಂದು ಕೂದಲೂ ಜಗ್ಗಲಿಲ್ಲ.

"ಬಿಳಿ ಕೂದಲು ಬಂದಿದೆ," ಎಂದ.

"ಬರದೆ ಇರುತ್ತಾ?"

ಅವಳ ಕಣ್ಣಿಂದ ಹರಿದ ನೀರು ಕೂದಲಿನ ನೀರಿನ ಜೊತೆ ಸೇರಿ ಹೋಯಿತು. ಅವನಿಗೆ ಗೊತ್ತಾಯಿತೋ ಇಲ್ಲವೋ, ನಲ್ಲಿಯನ್ನು ಮಾತ್ರ ಬಹಳ ಹೊತ್ತು ನಿಲ್ಲಿಸಲಿಲ್ಲ.

*

ಐದನೇ ವಾರ ಅತ್ತೆ ಕೋಲೂರಿಕೊಂಡು ಬಂದರು. ಅಣ್ಣನ ಮಗಳಿಗೆಂದು ಎಳ್ಳೆಣ್ಣೆ, ಬಾಯಿತುಂಬ ಬೈಗುಳ ತಂದಿದ್ದರು. ಗಂಡ ಮಾತ್ರೆ ತರಲು ಹೋದಾಗ ಅವರು ಅವಳ ಎದುರು ಬೆಂಚಿನಲ್ಲಿ ಕೂತರು.

"ಅಳಿಯಂದ್ರ ಮುಖ ನೋಡಿದೀಯಾ? ಅರ್ಧ ಆಗಿದಾರೆ. ಇನ್ನೂ ಎಷ್ಟು ದಿನ ಶಿಕ್ಷೆ ಕೊಡ್ತೀಯ ಕೂಸೇ?"

"ಅತ್ತೆ, ನೀವು ಆ ವಿಷಯ ಎತ್ತಬೇಡಿ."

"ಎತ್ತಬಾರದು ಅಂತ ಅವರೂ ನನ್ನ ಹತ್ರ ಮಾತು ತಗೊಂಡಿದಾರೆ. ಎರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ನಾನಿನ್ನೆಷ್ಟು ದಿನ ಇರ್ತೀನೋ... ಅವತ್ತು ಫೋನ್ ಮಾಡಿದ್ದು ನಾನು. ಆದ್ರೆ ಮಾತಾಡಿದ್ದು ನಿಮ್ಮಪ್ಪ."

ಅವಳು ಕುರ್ಚಿಯಿಂದ ಮುಂದಕ್ಕೆ ಬಾಗಿದಳು.

ಅತ್ತೆ ನಿಧಾನವಾಗಿ ಹೇಳಿದರು. ಅಪ್ಪನಿಗೆ ಉಸಿರು ಸಿಕ್ಕುತ್ತಿರಲಿಲ್ಲ, ಮಗಳನ್ನು ಕರೆಸೋಣ ಎಂದು ಅತ್ತೆಯೇ ಫೋನ್ ಹಚ್ಚಿದ್ದರು. ಅಪ್ಪ ಅದನ್ನು ಕಸಿದುಕೊಂಡು ಅಳಿಯನನ್ನು ಕೇಳಿದ ಮೊದಲ ಮಾತು, "ಅವಳ ಕುರ್ಚೀಲಿ ಯಾರಿದಾರೆ?" ಅರ್ಧ ತಲೆಗೆ ಬಣ್ಣ ಹಚ್ಚಿದ್ದಾಳೆ, ಈಗಲೇ ಕರೆದುಕೊಂಡು ಬರುತ್ತೇನೆ ಎಂದನಂತೆ ಅಳಿಯ. ಬೇಡ ಎಂದರಂತೆ ಅಪ್ಪ. ಮುಗಿಸಿ ಬರಲಿ, ಹೇಳಿದರೆ ಕೈ ನಡುಗುತ್ತದೆ, ನಾನೆಲ್ಲಿ ಓಡಿಹೋಗುತ್ತೇನೆ ಎಂದರಂತೆ.

"ಟೈಮ್ ಇದೆ ಅಂದ್ಕೊಂಡಿದ್ದ ಕಣೇ ನಮ್ಮಣ್ಣ. ಎಲ್ಲರ ಹಾಗೇ," ಎಂದರು ಅತ್ತೆ, ಸೆರಗಿನಿಂದ ಮೂಗು ಒರೆಸಿಕೊಂಡು. "ಅಪ್ಪನೇ ತನ್ನನ್ನ ಕರೀಲಿಲ್ಲ ಅಂತ ಗೊತ್ತಾದ್ರೆ ಅವಳು ತಡ್ಕೊಳ್ಳಲ್ಲ, ಕೋಪ ನನ್ನ ಮೇಲೇ ಇರಲಿ ಅಂದ್ರು ನಿನ್ನ ಗಂಡ."

ಓದುಗರೇ, ಇಂಥ ಮಾತು ಕೇಳಿದ ಮೇಲೆ ಕಥೆಯ ನಾಯಕಿ ಓಡಿಹೋಗಿ ಗಂಡನನ್ನು ತಬ್ಬಿಕೊಳ್ಳಬೇಕು. ಅವಳು ಹಾಗೆ ಮಾಡಲಿಲ್ಲ. ಆ ದಿನದಿಂದ ಅವನು ಎದುರು ಬಂದರೆ ಕಣ್ಣು ತಪ್ಪಿಸಿದಳು. ಯಾಕೆಂದರೆ ಆ ಮಧ್ಯಾಹ್ನದ ಬಗ್ಗೆ ಅತ್ತೆಗೂ ಗೊತ್ತಿಲ್ಲದ ಸಂಗತಿಯೊಂದು ಅವಳಲ್ಲಿತ್ತು. ಇಷ್ಟು ದಿನ ಅದರ ಮೇಲೆ ಗಂಡನ ಮೇಲಿನ ಕೋಪವನ್ನು ಹೊದಿಸಿ ಮುಚ್ಚಿಟ್ಟಿದ್ದಳು. ಈಗ ಆ ಹೊದಿಕೆಯೂ ಇರಲಿಲ್ಲ.

ಒಂದು ವಿಚಿತ್ರ ಮಾತ್ರ ಆಯಿತು. ಅತ್ತೆ ಹೋದ ಮರುದಿನ ಗಂಡ ಕೈ ಎತ್ತಿದಾಗ ಅದು ಅವನ ಅಂಗೈಯೊಳಗೆ ಬಿತ್ತು. ಪೂರ್ತಿ ಭಾರವಾಗಿ, ನಿದ್ದೆಹೋದ ಮಗುವಿನಂತೆ. ಅವನು ಗಾಬರಿಯಾಗಿ ಒಂದು ಕ್ಷಣ ಹಾಗೇ ನಿಂತ. ಆಮೇಲೆ ಮೆಲ್ಲಗೆ ಎತ್ತಿದ. ದಿನದಿಂದ ದಿನಕ್ಕೆ ಕೈ ಕಿವಿಯ ಹತ್ತಿರ ಬರತೊಡಗಿತು. ಕಸರತ್ತು ಮೇಡಂ ಬಂದವಳು ಅಳತೆ ನೋಡಿ, ಏನು ಮಾಡಿದಿರಿ ಎಂದು ಇಬ್ಬರನ್ನೂ ಕೇಳಿದಳು. ಇಬ್ಬರೂ ಏನೂ ಇಲ್ಲ ಎಂದರು.

*

ಆರು ವಾರ ಮುಗಿದ ದಿನ ಡಾಕ್ಟರ್ ಬೆಲ್ಟ್ ತೆಗೆಸಿದರು. ಹೊಲಿಗೆ ಹಿಡಿದಿದೆ, ಇನ್ನು ಕೋಲು ಹಿಡಿದು ಅವಳೇ ಮೆಲ್ಲಗೆ ಎತ್ತಬಹುದು. ಕತ್ತರಿ ಹಿಡಿಯಲು ಇನ್ನೂ ನಾಲ್ಕೈದು ತಿಂಗಳು. ಮೊದಲಿನಷ್ಟು ಬಲ ಬರುತ್ತದೆಂದು ಮಾತು ಕೊಡಲಾರೆ, ದಿನಕ್ಕೆ ಹತ್ತು ತಲೆ ಆಗದಿದ್ದರೆ ನಾಲ್ಕು ಮಾಡಿ ಎಂದರು.

ತೋಳು ತೆಳ್ಳಗಾಗಿತ್ತು. ಮುಟ್ಟಿ ನೋಡಿಕೊಂಡಳು, ಬೇರೆ ಯಾರದೋ ಅನ್ನಿಸಿತು.

ಮನೆಗೆ ಬಂದ ಮೇಲೆ ಗಂಡ ತನ್ನ ಬಟ್ಟೆ ಮಡಚತೊಡಗಿದ. ಮಾತ್ರೆಗಳನ್ನು ಬೆಳಿಗ್ಗೆ, ಸಂಜೆಯದೆಂದು ಬೇರೆ ಮಾಡಿ ಇಟ್ಟ. ಶಟರಿಗೆ ಎಣ್ಣೆ ಬಿಟ್ಟಿದ್ದೇನೆ, ಆದರೂ ಎತ್ತಬೇಡ, ಪಕ್ಕದ ಅಂಗಡಿಯವರಿಗೆ ಹೇಳಿದ್ದೇನೆ ಎಂದ. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿ ನಿಂತ.

"ಬರ್ತೀನಿ."

ಅವಳು ಎರಡನೇ ಕುರ್ಚಿಯಲ್ಲಿ ಕೂತಿದ್ದಳು. ಕನ್ನಡಿಯಲ್ಲಿ ಅವನು ಕಾಣುತ್ತಿದ್ದ. ಅಲ್ಲಿ ಅವನನ್ನು ನೋಡುತ್ತ ಹೇಳುವುದು ಸುಲಭವಿತ್ತು. ಅದಕ್ಕೇ ಬೇಡವೆನ್ನಿಸಿತು.

"ಈ ಕುರ್ಚಿ ತಿರುಗಿಸ್ತೀರಾ? ನಿಮ್ಮ ಕಡೆಗೆ."

ಅವನು ಚೀಲ ಇಳಿಸಿ ಬಂದು ಕುರ್ಚಿ ತಿರುಗಿಸಿದ. ಕನ್ನಡಿ ಅವಳ ಬೆನ್ನಿಗೆ ಹೋಯಿತು.

"ಅತ್ತೆ ಎಲ್ಲ ಹೇಳಿದ್ರು," ಎಂದಳು.

"ಮಾವ ಹೇಳಿದ್ರು ಅಂತ ನಾನು ಕೇಳಬಾರದಿತ್ತು," ಎಂದ. "ಅರ್ಧ ತಲೆ ನಾನು ಮುಗಿಸ್ತಿದ್ದೆ. ನಿನ್ನ ಕಳಿಸಬಹುದಿತ್ತು. ಎಷ್ಟು ಸಲ ಯೋಚನೆ ಮಾಡಿದೀನಿ. ಅಷ್ಟು ಸಣ್ಣ ವಿಷಯ ಅವತ್ತು ಹೊಳೀಲಿಲ್ಲ."

"ನಾನು ಹೇಳಬೇಕಾದ್ದು ಅದಲ್ಲ."

ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡಳು.

"ನಾನು ನೋಡಿದ್ದೆ. ಕನ್ನಡೀಲಿ... ಫೋನ್ ಕಿವಿಗಿಟ್ಟಾಗ ನಿಮ್ಮ ಮುಖ ಹೇಗಾಯ್ತು ಅಂತ ನೋಡಿದ್ದೆ. ಅಪ್ಪಂಗೇ ಏನೋ ಆಗಿದೆ ಅಂತ ಗೊತ್ತಾಯ್ತು. ಕೇಳಿದ್ರೆ ನೀವು ಹೇಳ್ತಿದ್ರಿ. ನಾನು ಕೇಳಲಿಲ್ಲ. ಹೆದರಿಕೆ ಆಯ್ತು. ಬ್ರಶ್ ಮತ್ತೆ ಬಣ್ಣಕ್ಕೆ ಅದ್ದಿದೆ. ಮುಗಿಯೋವರೆಗೂ ಏನೂ ಆಗಿರಲ್ಲ ಅಂತ... ನಿಧಾನಕ್ಕೆ ಹಚ್ಚಿದೆ. ಬೇಕಂತಲೇ ನಿಧಾನಕ್ಕೆ."

ಹೇಳಿ ಮುಗಿಯುವಷ್ಟರಲ್ಲಿ ಬಿಕ್ಕಳಿಕೆ ಬಂದಿತ್ತು. ಎರಡು ವರ್ಷದಲ್ಲಿ ಅಪ್ಪನಿಗಾಗಿ ಅವಳು ಹೀಗೆ ಅತ್ತೇ ಇರಲಿಲ್ಲ. ಕೋಪ ಅಳಲು ಬಿಟ್ಟಿರಲಿಲ್ಲ.

ಅವನು ಅವಳ ಎದುರು ನೆಲದ ಮೇಲೆ ಕೂತ.

"ಗೊತ್ತು," ಎಂದ.

"ಏನು ಗೊತ್ತು?"

"ನೀನು ನೋಡಿದ್ದು. ಕಣ್ಣಿಗೆ ಕಣ್ಣು ಸಿಕ್ಕಿತ್ತಲ್ಲ. ನೀನು ಕೇಳ್ತೀಯ ಅಂತ ಕಾದೆ. ನೀನು ತಲೆ ತಗ್ಗಿಸಿಬಿಟ್ಟೆ."

ಅವಳು ಅಳು ನಿಲ್ಲಿಸಿ ಅವನನ್ನೇ ನೋಡಿದಳು. "ಗೊತ್ತಿದ್ದೂ ನನ್ನ ಹತ್ರ ಆ ಮಾತು ಕೇಳಿಸ್ಕೊಂಡು ಸುಮ್ಮನಿದ್ರಾ? ಎರಡು ವರ್ಷ?"

"ಕೋಪ ಬರ್ಲಿಲ್ಲ ಅಂತಲ್ಲ. ಎಷ್ಟೋ ದಿನ ಈ ಬೀದಿ ತನಕ ಬಂದಿದೀನಿ, ನೀನೂ ನೋಡಿದ್ದೆಯಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡೋಣ ಅಂತ. ಹೊರಗಿಂದ ನೋಡಿದ್ರೆ ನೀನೊಬ್ಳೇ ಯಾರದೋ ತಲೆ ಮುಂದೆ ನಿಂತಿರ್ತಿದ್ದೆ. ಹೇಳೋಕಾಗ್ತಿರಲಿಲ್ಲ. ವಾಪಸ್ ಹೋಗ್ತಿದ್ದೆ."

ಹೊರಗೆ ರಸ್ತೆಯಲ್ಲಿ ಯಾರೋ ಯಾರನ್ನೋ ಕೂಗಿ ಕರೆಯುತ್ತಿದ್ದರು. ಅವಳಿಗೆ ಅಪ್ಪನ ಮೇಲೆ ಕೋಪ ಬಂತು, ಆ ಹಾಳು ನಿಯಮದ ಮೇಲೆ ಬಂತು, ತನ್ನ ಮೇಲೆ ಬಂತು. ಬಂದಷ್ಟೂ ಅಳುವಾಗಿ ಇಳಿದು ಹೋಯಿತು. ಅಪ್ಪ ಇನ್ನು ಬರುವುದಿಲ್ಲ. ಆ ನಲವತ್ತು ನಿಮಿಷ ಯಾರ ತಪ್ಪು ಎಂದು ಹಂಚಿಕೊಂಡರೂ ವಾಪಸ್ ಬರುವುದಿಲ್ಲ.

"ಹೋಗಬೇಡಿ," ಎಂದಳು.

"ಕೋಲಿನ ವ್ಯಾಯಾಮ ನೀನೇ ಮಾಡ್ಕೋಬಹುದು ಅಂದ್ರಲ್ಲ."

"ಕೈ ಎತ್ತೋಕೆ ಅಲ್ಲ. ಅಪ್ಪನ ಬಗ್ಗೆ ಮಾತಾಡೋಕೆ ಈ ಮನೇಲಿ ನಂಗೆ ಯಾರೂ ಇಲ್ಲ. ನಿಮ್ಮ ಹತ್ರ ಬಿಟ್ಟು ಇನ್ಯಾರ ಹತ್ರ ಅಳಲಿ?"

ಅವನ ಕಣ್ಣು ತುಂಬಿತು. ಅಂಗಿಯ ತೋಳಿನಿಂದ ಒರೆಸಿಕೊಂಡು ಎದ್ದು ನಿಂತ. ಅವಳ ಕಡೆ ಎರಡೂ ತೋಳು ಚಾಚಿದವನು ಅರ್ಧಕ್ಕೇ ನಿಂತ. ಆರು ವಾರ ಆ ಭುಜವನ್ನು ಗಾಜಿನಂತೆ ಕಾದವನಿಗೆ ಎಲ್ಲಿ ಹಿಡಿಯಬೇಕೆಂದೇ ತಿಳಿಯಲಿಲ್ಲ.

"ನೋಯುತ್ತೇನೋ..."

"ನೋಯುತ್ತೆ," ಎಂದಳು ಅವಳು. "ಹಿಡ್ಕೊಳ್ಳಿ."